ಬಂದೂಕು ಗಡಿ ದಾಟುತ್ತೆ, ಕಾನೂನು ದಾಟಲ್ವಾ?



ಬೈಕ್ ಕಳುವಾಗಲಿ, ರಸ್ತೆಯಲ್ಲಿ ಅಪಘಾತವಾಗಲಿ, ದೂರು ಕೊಡೋಕೆ ಸ್ಟೇಷನ್‌ಗೆ ಹೋದವರಿಗೆ ಎಷ್ಟೋ ಸಲ ಮೊದಲು ಸಿಗುವ ಉತ್ತರ ಏನು? ‘ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ.’ ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು ಠಾಣೆ. ಪೆಟ್ಟು ತಿಂದವನು ಮಧ್ಯದಲ್ಲಿ. ಈ ರೋಗಕ್ಕೆ ಮದ್ದು ಅಂತಾನೇ ಝೀರೋ ಎಫ್‌ಐಆರ್ ಬಂತು. ಘಟನೆ ಎಲ್ಲೇ ನಡೆದಿರಲಿ, ಮೊದಲು ದೂರು ಬರೆದುಕೊಳ್ಳಿ, ಲಿಮಿಟ್ಸ್ ಲೆಕ್ಕಾಚಾರ ಆಮೇಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದನ್ನ ಕಾನೂನೇ ಮಾಡಿದೆ.

ಇವತ್ತು ನಾನು ಮಾತಾಡೋದು ಇದೇ ಲಿಮಿಟ್ಸ್ ಬಗ್ಗೆ. ಆದರೆ ಠಾಣೆಗಳದ್ದಲ್ಲ, ದೇಶಗಳದ್ದು.

ಒಂದು ಸರ್ಕಾರ ತನ್ನ ಸೈನಿಕರನ್ನ, ತನ್ನ ಯುದ್ಧವಿಮಾನವನ್ನ, ತನ್ನ ಗೂಢಚಾರರನ್ನ ಇನ್ನೊಂದು ದೇಶಕ್ಕೆ ಕಳಿಸುತ್ತೆ. ಅಲ್ಲಿ ಒಬ್ಬ ಅಮಾಯಕ ಸಾಯ್ತಾನೆ. ಅವನು ಆ ಸರ್ಕಾರಕ್ಕೆ ಓಟು ಹಾಕಿದವನಲ್ಲ, ತೆರಿಗೆ ಕಟ್ಟಿದವನಲ್ಲ, ಅದರ ಪ್ರಜೆಯೂ ಅಲ್ಲ. ಅವನ ಜೀವಕ್ಕೆ ಆ ಸರ್ಕಾರ ಜವಾಬ್ದಾರಿಯಾ? ಸತ್ತವನ ಅಪ್ಪ ಆ ದೇಶದ ನ್ಯಾಯಾಲಯದ ಮೆಟ್ಟಿಲು ಹತ್ತಿ ‘ನನ್ನ ಮಗನಿಗೆ ಬದುಕುವ ಹಕ್ಕು ಇರಲಿಲ್ವಾ?’ ಅಂತ ಕೇಳಬಹುದಾ? ಇದು ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯ ಅಂದ್ಕೋಬೇಡಿ. ಈ ಪ್ರಶ್ನೆ ಕೇಳಿದ ಅಪ್ಪಂದಿರು, ಹೆಂಡತಿಯರು ನಿಜವಾಗಿಯೂ ಇದ್ದಾರೆ.

ಮೊದಲು ನನ್ನ ವೃತ್ತಿಗೆ ಹತ್ತಿರದ ಒಂದು ಘಟನೆ ಹೇಳ್ತೀನಿ.

1999ರ ಏಪ್ರಿಲ್ 23. ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್. ರಾತ್ರಿ ಎರಡು ಗಂಟೆ ದಾಟಿತ್ತು. ಅಲ್ಲಿನ ಸರ್ಕಾರಿ ಟೀವಿ ಕೇಂದ್ರ ಆರ್‌ಟಿಎಸ್ ಮೇಲೆ ನ್ಯಾಟೊ ಪಡೆಗಳ ಕ್ಷಿಪಣಿ ಬಿತ್ತು. 16 ಜನ ಸತ್ತರು. ಸತ್ತವರು ಯಾರು? ಮಂತ್ರಿಗಳಲ್ಲ, ಸೇನಾಧಿಕಾರಿಗಳಲ್ಲ. ರಾತ್ರಿ ಪಾಳಿಯ ತಂತ್ರಜ್ಞರು, ಕಾವಲಿನವರು, ಮೇಕಪ್ ಮಾಡುವ ಹೆಣ್ಣುಮಗಳು. ನೀವು ನನ್ನ ಮುಖ ಒಂದನ್ನೇ ನೋಡ್ತೀರಿ. ಆದರೆ ಈ ಹೊತ್ತಿನಲ್ಲಿ ಈ ಕಟ್ಟಡದಲ್ಲಿ ಕ್ಯಾಮೆರಾ ಹಿಂದೆ ಇರುವವರು, ಪಿಸಿಆರ್‌ನಲ್ಲಿ ಸ್ವಿಚರ್ ಮುಂದೆ ಕೂತವರು, ಗೇಟ್ ಕಾಯುವವರು ಎಲ್ಲಾ ಇದ್ದಾರೆ. ಬೆಲ್‌ಗ್ರೇಡ್‌ನಲ್ಲಿ ಸತ್ತದ್ದು ಅಂಥವರು.

ನ್ಯಾಟೊ ಹೇಳಿದ್ದು, ಅದು ಮಿಲೊಸೆವಿಚ್ ಸರ್ಕಾರದ ಪ್ರಚಾರಯಂತ್ರ, ಸೇನೆಯ ಸಂಪರ್ಕಜಾಲಕ್ಕೂ ಬಳಕೆಯಾಗ್ತಿತ್ತು ಅಂತ. ಆ ಚಾನೆಲ್ ಪ್ರಚಾರ ಮಾಡ್ತಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ಪ್ರಚಾರಕ್ಕೆ ಮೇಕಪ್ ಹಚ್ಚುವವಳ ಪ್ರಾಣ ಬೆಲೆಯಾ? ಹತ್ತಿರದ ತಾಶ್ಮೈದಾನ್ ಉದ್ಯಾನದಲ್ಲಿ ಸತ್ತವರ ಹೆಸರುಗಳಿರುವ ಒಂದು ಕಲ್ಲು ನಿಂತಿದೆ. ಅದರ ಮೇಲೆ ದೊಡ್ಡದಾಗಿ ಒಂದೇ ಪದ ಕೆತ್ತಿದ್ದಾರೆ. ‘ಯಾಕೆ?’

ಈ ‘ಯಾಕೆ’ಗೆ ಉತ್ತರ ಕೇಳ್ಕೊಂಡು ಕುಟುಂಬದವರು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಪ್ರತಿವಾದಿಗಳು 17 ಯುರೋಪಿಯನ್ ದೇಶಗಳು. 2001ರ ಡಿಸೆಂಬರ್ 12ರಂದು ನ್ಯಾಯಾಲಯ ಏನಂತು ಗೊತ್ತಾ? ಬಾಂಬ್ ಹಾಕಿದ್ದು ಸರಿಯೋ ತಪ್ಪೋ ಅನ್ನೋ ವಿಚಾರಣೆಗೇ ಹೋಗಲಿಲ್ಲ. ಸತ್ತವರು ಈ ದೇಶಗಳ ‘ನ್ಯಾಯವ್ಯಾಪ್ತಿ’ಯಲ್ಲಿ ಇರಲಿಲ್ಲ, ಆದ್ದರಿಂದ ಈ ಅರ್ಜಿ ಇಲ್ಲಿ ನಿಲ್ಲೋದಿಲ್ಲ ಅಂದುಬಿಡ್ತು. ಸ್ಟೇಷನ್ ಭಾಷೆಯಲ್ಲಿ ಹೇಳಬೇಕಂದ್ರೆ, ‘ನಮ್ಮ ಲಿಮಿಟ್ಸ್‌ಗೆ ಬರಲ್ಲ.’

ಇನ್ನೂ ಒಂದು ಸಂಗತಿ ಇದೆ. ಆ ರಾತ್ರಿಯ ಸಾವುಗಳಿಗಾಗಿ ಜೈಲಿಗೆ ಹೋದವನು ಒಬ್ಬ. ಅವನು ಕ್ಷಿಪಣಿ ಬಿಟ್ಟವನಲ್ಲ, ಬಿಡೋಕೆ ಹೇಳಿದವನೂ ಅಲ್ಲ. ಅದೇ ಟೀವಿ ಕೇಂದ್ರದ ಮಹಾನಿರ್ದೇಶಕ. ದಾಳಿಯ ಅಪಾಯ ಇದ್ದರೂ ಸಿಬ್ಬಂದಿಯನ್ನ ಹೊರಗೆ ಕಳಿಸಲಿಲ್ಲ ಅಂತ ಅವನ ದೇಶದ ನ್ಯಾಯಾಲಯವೇ 2002ರಲ್ಲಿ ಶಿಕ್ಷೆ ಕೊಡ್ತು. ಅದು ಸರಿಯಾದ ಶಿಕ್ಷೆಯೇ ಇರಬಹುದು. ಆದರೆ ಬಾಗಿಲು ತೆಗೆಯದವನ ಮೇಲೆ ಕೇಸ್ ನಡೀತು, ಬಾಂಬ್ ಹಾಕಿದವರ ಮೇಲಿನ ಅರ್ಜಿ ಬಾಗಿಲಲ್ಲೇ ನಿಂತಿತು.

ಈಗ ಇರಾಕ್‌ಗೆ ಬನ್ನಿ. 2003ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಇರಾಕ್ ಮೇಲೆ ಯುದ್ಧ ಮಾಡಿ ಸದ್ದಾಂ ಹುಸೇನ್ ಸರ್ಕಾರವನ್ನ ಉರುಳಿಸಿದವು. ದಕ್ಷಿಣದ ಬಸ್ರಾ ನಗರ ಬ್ರಿಟಿಷ್ ಸೇನೆಯ ಕೈಗೆ ಬಂತು. ಅಲ್ಲಿ ಬಹಾ ಮೂಸಾ ಅಂತ 26 ವರ್ಷದ ಯುವಕ ಒಂದು ಹೋಟೆಲಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದ. ಎರಡು ಪುಟ್ಟ ಗಂಡುಮಕ್ಕಳು. ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡು ಹೆಚ್ಚು ಕಾಲ ಆಗಿರಲಿಲ್ಲ. ಅವನ ಅಪ್ಪ ಇರಾಕ್ ಪೊಲೀಸ್ ಇಲಾಖೆಯಲ್ಲಿ ಕರ್ನಲ್.

ಸೆಪ್ಟೆಂಬರ್ 14ರಂದು ಸೈನಿಕರು ಆ ಹೋಟೆಲ್ ಮೇಲೆ ದಾಳಿ ಮಾಡಿದರು. ಆಯುಧ ಸಿಕ್ಕಿತು ಅಂತ ಸಿಬ್ಬಂದಿಯನ್ನ ಹಿಡ್ಕೊಂಡು ಹೋದರು. ಸುಮಾರು 36 ಗಂಟೆ ಸೇನೆಯ ವಶದಲ್ಲಿದ್ದ ಬಹಾ ಮೂಸಾ ಹೆಣವಾದ. ಆ 36 ಗಂಟೆಯಲ್ಲಿ ಹತ್ತಿರಹತ್ತಿರ 24 ಗಂಟೆ ಅವನ ತಲೆಗೆ ಚೀಲ ಹಾಕಿದ್ದರು. ಮೈಮೇಲೆ 93 ಗಾಯಗಳಿದ್ದವು. ತಲೆಗೆ ಚೀಲ ಹಾಕೋದು, ನೋವಾಗುವ ಭಂಗಿಯಲ್ಲಿ ನಿಲ್ಲಿಸೋದು, ನಿದ್ದೆ ಮಾಡೋಕೆ ಬಿಡದಿರೋದು, ಇವನ್ನೆಲ್ಲ ಉತ್ತರ ಐರ್ಲೆಂಡಿನ ಅನುಭವದ ಮೇಲೆ ಬ್ರಿಟನ್ ಸರ್ಕಾರವೇ 1972ರಲ್ಲಿ ನಿಷೇಧ ಮಾಡಿತ್ತು. 31 ವರ್ಷ ಆದಮೇಲೆ ಬಸ್ರಾದಲ್ಲಿ ಅದೇ ಚೀಲ ಮತ್ತೆ ಹೊರಗೆ ಬಂತು.

ಅದೇ ತಿಂಗಳುಗಳಲ್ಲಿ ಬಸ್ರಾ ಪ್ರದೇಶದಲ್ಲಿ ಇನ್ನೂ ಐದು ಸಾವುಗಳಾದವು. ಬೀದಿಯಲ್ಲಿ ಗಸ್ತಿನವರ ಗುಂಡಿಗೆ ಒಬ್ಬ. ಮನೆ ಶೋಧದ ವೇಳೆ ಇನ್ನೊಬ್ಬ. ವಾಹನ ಓಡಿಸ್ತಿದ್ದವನೊಬ್ಬ. ರಾತ್ರಿ ಊಟಕ್ಕೆ ಕೂತಿದ್ದ ಒಬ್ಬ ಗೃಹಿಣಿ. ಐದನೆಯವನು 15 ವರ್ಷದ ಹುಡುಗ. ಲೂಟಿಯ ಅನುಮಾನದ ಮೇಲೆ ಹಿಡಿದ ಸೈನಿಕರು ಅವನನ್ನ ನೀರಿಗಿಳಿಸಿದರು, ಅಲ್ಲೇ ಮುಳುಗಿ ಸತ್ತ ಅನ್ನೋದು ಕುಟುಂಬದ ಆರೋಪ. ಆ ಪ್ರಕರಣದಲ್ಲಿ ಸೈನಿಕರು ಸೇನಾ ನ್ಯಾಯಾಲಯದಲ್ಲಿ ಖುಲಾಸೆಯಾದರು.

ಆರೂ ಕುಟುಂಬದವರು ಬ್ರಿಟನ್ನಿನಲ್ಲೇ ದಾವೆ ಹೂಡಿದರು. 2007ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು. ಬಹಾ ಮೂಸಾ ಸತ್ತದ್ದು ಬ್ರಿಟಿಷ್ ಸೇನೆಯ ಬಂಧನದಲ್ಲಿ, ಹಾಗಾಗಿ ಅವನು ನ್ಯಾಯವ್ಯಾಪ್ತಿಯ ಒಳಗೆ. ಇದನ್ನ ಸರ್ಕಾರವೂ ಒಪ್ಪಿಕೊಂಡಿತ್ತು. ಉಳಿದ ಐವರು? ಹೊರಗೆ. ಅದೇ ಊರು, ಅದೇ ಸೇನೆ, ಅದೇ ಬಂದೂಕು. ಸೇನಾ ನೆಲೆಯ ಗೇಟಿನ ಒಳಗೆ ಸತ್ತರೆ ಮಾನವ ಹಕ್ಕು, ಗೇಟಿನ ಹೊರಗೆ ಸತ್ತರೆ ಬರೀ ಸಾವು.

ನಾನು ಓದಿದ್ದು ಇಂಜಿನಿಯರಿಂಗ್. ಕಂಟ್ರೋಲ್ ಸಿಸ್ಟಮ್ಸ್ ಅನ್ನೋ ಪೇಪರ್‌ನಲ್ಲಿ ನಮಗೆ ಕಲಿಸಿದ್ದು ಒಂದು ಸರಳ ವಿಷಯ. ಯಂತ್ರ ಎಲ್ಲಿ ತಿರುಗ್ತಿದೆ ಅಂತ ಮಾತ್ರ ನೋಡಬೇಡಿ, ಅದನ್ನ ತಿರುಗಿಸ್ತಿರೋದು ಯಾರು ಅಂತ ನೋಡಿ. ನಮ್ಮ ರೈತರನ್ನೇ ಕೇಳಿ. ತೋಟದಲ್ಲಿರೋ ಪಂಪ್‌ಸೆಟ್ಟನ್ನ ಮನೆಯಲ್ಲಿ ಕೂತು ಮೊಬೈಲಿನಿಂದ ಆನ್ ಮಾಡ್ತಾರೆ. ರಾತ್ರಿಯಿಡೀ ಮೋಟಾರ್ ಓಡಿ ಪಕ್ಕದ ಹೊಲಕ್ಕೆ ನೀರು ನುಗ್ಗಿ ಬೆಳೆ ಹಾಳಾಯ್ತು ಅನ್ನಿ. ‘ಮೋಟಾರ್ ಅಲ್ಲಿತ್ತು, ನಾನು ಇಲ್ಲಿದ್ದೆ’ ಅಂದ್ರೆ ಊರಿನ ಹಿರಿಯರು ಒಪ್ತಾರಾ? ಉಗಿದು ಕಳಿಸ್ತಾರೆ.

ಸ್ಟ್ರಾಸ್‌ಬರ್ಗ್ ನ್ಯಾಯಾಲಯವೂ ಹತ್ತು ವರ್ಷಕ್ಕೆ ಅರ್ಧ ದಾರಿ ಬಂತು. 2011ರ ಜುಲೈ 7ರಂದು, ಅಲ್-ಸ್ಕೈನಿ ಪ್ರಕರಣ ಅಂತ ಹೆಸರಾದ ಇದೇ ಕೇಸಿನಲ್ಲಿ, ಬಸ್ರಾದಲ್ಲಿ ಬ್ರಿಟನ್ ಒಂದು ಸರ್ಕಾರ ಮಾಡುವ ಕೆಲಸವನ್ನೇ ಮಾಡ್ತಿತ್ತು, ಭದ್ರತೆಯ ಹೊಣೆ ಹೊತ್ತಿತ್ತು, ಆದ್ದರಿಂದ ಆರೂ ಜನ ಅದರ ನ್ಯಾಯವ್ಯಾಪ್ತಿಯಲ್ಲೇ ಇದ್ದರು ಅಂತು. ಬೀದಿಯಲ್ಲಿ ಸತ್ತವನೂ, ಊಟದ ಹೊತ್ತಲ್ಲಿ ಸತ್ತವಳೂ. ಐದು ಸಾವುಗಳ ಬಗ್ಗೆ ಸ್ವತಂತ್ರವಾದ, ಸರಿಯಾದ ತನಿಖೆ ನಡೆಸದೆ ಬ್ರಿಟನ್ ಜೀವದ ಹಕ್ಕನ್ನ ಉಲ್ಲಂಘಿಸಿದೆ ಅಂತು. ಗಮನಿಸಿ, ಸೈನಿಕರು ಕೊಲೆಗಾರರು ಅಂತ ಹೇಳಲಿಲ್ಲ. ಸಾವಾದ ಮೇಲೆ ಸತ್ಯ ಹುಡುಕುವ ಕೆಲಸ ಮಾಡಿಲ್ಲ ಅಂತು.

ಬಹಾ ಮೂಸಾ ವಿಷಯದಲ್ಲಿ ಆ ಹುಡುಕಾಟ ನಡೀತು. ನಿವೃತ್ತ ನ್ಯಾಯಮೂರ್ತಿ ವಿಲಿಯಂ ಗೇಜ್ ನೇತೃತ್ವದ ಸಾರ್ವಜನಿಕ ವಿಚಾರಣೆ 2011ರ ಸೆಪ್ಟೆಂಬರ್‌ನಲ್ಲಿ ವರದಿ ಕೊಡ್ತು. ಹೊಡೆದವರನ್ನ ಮಾತ್ರ ಅಲ್ಲ, ನೋಡಿಯೂ ಸುಮ್ಮನಿದ್ದವರನ್ನೂ, 1972ರ ನಿಷೇಧವನ್ನ ಸೈನಿಕರಿಗೆ ಸರಿಯಾಗಿ ತಲುಪಿಸದ ರಕ್ಷಣಾ ಇಲಾಖೆಯನ್ನೂ ಅದು ಬಿಡಲಿಲ್ಲ. ಇಷ್ಟೆಲ್ಲಾ ಆಗಿ ಶಿಕ್ಷೆ ಆದದ್ದು ಒಬ್ಬ ಕಾರ್ಪೋರಲ್‌ಗೆ. ಒಂದು ವರ್ಷ ಜೈಲು. ಉಳಿದ ಆರು ಆರೋಪಿಗಳು ಬಿಡುಗಡೆ. ಮಗನನ್ನ ಕಳಕೊಂಡ ಅಪ್ಪನಿಗೆ ಇದು ನ್ಯಾಯವಾ? ನೀವೇ ಹೇಳಿ. ಆದರೆ ಅವನ ಮಗನಿಗೆ ಏನಾಯ್ತು ಅಂತ ಬ್ರಿಟನ್ನಿನ ಅಧಿಕೃತ ದಾಖಲೆಯಲ್ಲೇ ಇವತ್ತು ಇದೆ, ಅದನ್ನ ಯಾರೂ ಅಳಿಸೋಕಾಗಲ್ಲ.

ಈ ತತ್ವ ಹೊಸದೂ ಅಲ್ಲ. 1976ರಲ್ಲಿ ಉರುಗ್ವೆ ದೇಶದ ಏಜೆಂಟರು ಪಕ್ಕದ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ತಮ್ಮದೇ ದೇಶದ ಕಾರ್ಮಿಕ ಮುಖಂಡ ಲೋಪೆಸ್ ಬುರ್ಗೋಸ್‌ನನ್ನ ಎತ್ತಾಕಿಕೊಂಡು ಹೋದರು. ಅವನ ಹೆಂಡತಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. 1981ರಲ್ಲಿ ಸಮಿತಿ ಹೇಳಿದ ಮಾತಿನ ಸಾರ ಇಷ್ಟೇ. ನಿಮ್ಮ ನೆಲದಲ್ಲಿ ಮಾಡಬಾರದ್ದನ್ನ ಪಕ್ಕದವರ ನೆಲದಲ್ಲಿ ಮಾಡೋಕೆ ಯಾವ ಒಪ್ಪಂದವೂ ಲೈಸೆನ್ಸ್ ಕೊಡಲ್ಲ.

ಆದರೂ ದೊಡ್ಡ ದೇಶಗಳು ಲಿಮಿಟ್ಸ್ ಹುಡುಕ್ತಾನೇ ಇರ್ತವೆ. ಅಮೆರಿಕ 2002ರಲ್ಲಿ ಕೈದಿಗಳನ್ನ ಇಡೋಕೆ ಗ್ವಾಂಟಾನಮೊವನ್ನ ಆರಿಸಿಕೊಂಡದ್ದು ಯಾಕೆ? ಅದು ಕ್ಯೂಬಾದ ನೆಲ, 1903ರಿಂದ ಅಮೆರಿಕ ಗುತ್ತಿಗೆಗೆ ಹಿಡಿದಿರೋದು. ಸಾರ್ವಭೌಮತ್ವ ಕ್ಯೂಬಾದ್ದು, ಬೇಲಿ, ಬೀಗ, ಬಂದೂಕು ಅಮೆರಿಕದ್ದು. ಅಲ್ಲಿರುವ ವಿದೇಶಿ ಕೈದಿಗೆ ನಮ್ಮ ಸಂವಿಧಾನ ಅನ್ವಯಿಸಲ್ಲ ಅಂತ ಸರ್ಕಾರ ವಾದ ಮಾಡ್ತು. 2008ರ ಜೂನ್‌ನಲ್ಲಿ ಅವರದ್ದೇ ಸುಪ್ರೀಂ ಕೋರ್ಟ್ ಆ ವಾದವನ್ನ ತಳ್ಳಿಹಾಕಿತು. ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಬ್ಬರು ಆಚೆ ವಾಲಿದ್ದರೆ ಬಾಗಿಲು ಮುಚ್ಚಿರ್ತಿತ್ತು.

ಈಗ ಇನ್ನೊಂದು ಬದಿಯ ವಾದವನ್ನೂ ಪ್ರಾಮಾಣಿಕವಾಗಿ ಇಡಬೇಕು. ನಿಮ್ಮಲ್ಲಿ ಎಷ್ಟೋ ಜನ ಕೇಳ್ತೀರಿ, ‘ಗುಂಡು ಹಾರ್ತಿರೋ ಜಾಗದಲ್ಲಿ ನಿಂತ ಸೈನಿಕ ಟ್ರಿಗರ್ ಒತ್ತೋ ಮುಂಚೆ ವಕೀಲರಿಗೆ ಫೋನ್ ಮಾಡಬೇಕಾ ಸ್ವಾಮಿ? ಎಸಿ ರೂಮಲ್ಲಿ ಕೂತು ಮಾತಾಡೋದು ಸುಲಭ.’ ನ್ಯಾಯವಾದ ಪ್ರಶ್ನೆ. ಯುದ್ಧಕ್ಕೆ ಅದರದ್ದೇ ಕಾನೂನಿದೆ, 1949ರ ಜಿನೀವಾ ಒಪ್ಪಂದಗಳಿವೆ. ಹೋರಾಡುವ ಶತ್ರುವನ್ನ ಕೊಲ್ಲೋದನ್ನ ಅವು ತಡೆಯೋದಿಲ್ಲ. ಇನ್ನೊಂದು ಮಾತೂ ನಿಜ. ಇರಾಕಿನಿಂದ ಬಂದ ದೂರುಗಳೆಲ್ಲ ಸತ್ಯ ಆಗಿರಲಿಲ್ಲ. ಬ್ರಿಟನ್ನಿನ ಅಲ್-ಸ್ವೇಡಿ ವಿಚಾರಣೆ 2014ರಲ್ಲಿ, ಸೈನಿಕರ ಮೇಲಿನ ಕೊಲೆಯಂಥ ಘೋರ ಆರೋಪಗಳು ಪೂರ್ತಿ ಸುಳ್ಳು ಅಂತ ಕಂಡುಕೊಂಡಿತು. ಇದನ್ನೇ ಹಿಡಿದು 2021ರಲ್ಲಿ ಬ್ರಿಟನ್ ಒಂದು ಕಾಯ್ದೆ ಮಾಡ್ತು. ವಿದೇಶಿ ಕಾರ್ಯಾಚರಣೆಯ ಘಟನೆ ನಡೆದು ಐದು ವರ್ಷ ಕಳೆದರೆ ಸೈನಿಕರ ಮೇಲೆ ಮೊಕದ್ದಮೆ ಹೂಡೋದು ಅಪರೂಪದಲ್ಲಿ ಅಪರೂಪ ಆಗಬೇಕು ಅಂತ. ಚಿತ್ರಹಿಂಸೆಯನ್ನೂ ಯುದ್ಧಾಪರಾಧವನ್ನೂ ಇದರಿಂದ ಹೊರಗಿಡಬೇಕು ಅಂತ ಮೇಲ್ಮನೆ ಹಟ ಹಿಡಿದ ಮೇಲೆ ಅವನ್ನ ಹೊರಗಿಟ್ಟರು.

ಆದರೆ ಒಂದು ಕ್ಷಣ ಯೋಚನೆ ಮಾಡಿ. ಆ ಸುಳ್ಳು ಆರೋಪಗಳು ಸುಳ್ಳು ಅಂತ ಗೊತ್ತಾದದ್ದು ಹೇಗೆ? ತನಿಖೆಯಿಂದ. ಬಹಾ ಮೂಸಾ ಸತ್ತದ್ದು ಹೇಗೆ ಅಂತ ಗೊತ್ತಾದದ್ದು ಹೇಗೆ? ಅದೂ ತನಿಖೆಯಿಂದ. ತಪ್ಪು ಮಾಡದ ಸೈನಿಕನ ಹೆಸರು ತೊಳೆಯೋದೂ ತನಿಖೆಯೇ, ತಪ್ಪು ಮಾಡಿದವನನ್ನ ಬಯಲಿಗೆಳೆಯೋದೂ ತನಿಖೆಯೇ. ‘ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಅಂದರೆ ಇಬ್ಬರಿಗೂ ಅನ್ಯಾಯ.

ಇನ್ನು ಆಕಾಶದಿಂದ ಬೀಳುವ ಬಾಂಬಿನ ಕಥೆ. ಬಂಧಿಸಿ ಕೊಂದರೆ ಹಕ್ಕು ಇದೆ, ದೂರದಿಂದ ಕೊಂದರೆ ಇಲ್ಲ ಅನ್ನೋದು ವಿಚಿತ್ರ ಅಲ್ವಾ? ಹಿಡಿದು ಸೆಲ್‌ಗೆ ಹಾಕುವ ಕಷ್ಟ ಯಾಕೆ, ಮೇಲಿಂದಲೇ ಮುಗಿಸಿಬಿಡಿ ಅಂತ ಕಾನೂನೇ ಕಿವಿಯಲ್ಲಿ ಹೇಳಿಕೊಟ್ಟ ಹಾಗೆ. 2021ರ ಜನವರಿಯಲ್ಲೂ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಹಿಂದೆ ಸರೀತು. 2008ರ ಆಗಸ್ಟ್‌ನ ರಷ್ಯಾ-ಜಾರ್ಜಿಯಾ ಯುದ್ಧದ ಐದು ದಿನಗಳ ಕಾದಾಟವನ್ನ ಅದು ಗೊಂದಲದ ಸ್ಥಿತಿ ಅಂತ ಕರೀತು. ಅಂಥ ಗೊಂದಲದಲ್ಲಿ ಯಾರ ನಿಯಂತ್ರಣವೂ ಇರಲ್ಲ, ಹಾಗಾಗಿ ನ್ಯಾಯವ್ಯಾಪ್ತಿಯೂ ಇಲ್ಲ ಅಂತು.

ನಂತರ ಬಂತು 2025ರ ಜುಲೈ 9. ಉಕ್ರೇನ್ ಮತ್ತು ನೆದರ್ಲೆಂಡ್ಸ್, ರಷ್ಯಾ ವಿರುದ್ಧ ತಂದ ಪ್ರಕರಣದ ತೀರ್ಪು. ಇದರಲ್ಲಿ ಎಂಎಚ್17 ವಿಮಾನವೂ ಇತ್ತು. ನೆನಪಿದೆಯಾ? 2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾದ ವಿಮಾನ. ಪೂರ್ವ ಉಕ್ರೇನ್ ಮೇಲೆ ಕ್ಷಿಪಣಿಗೆ ಸಿಕ್ಕಿ 298 ಜನ ಸತ್ತರು. ಯಾವ ದೇಶದ ಜಗಳಕ್ಕೂ ಸಂಬಂಧವಿಲ್ಲದ ಪ್ರಯಾಣಿಕರು. ರಷ್ಯಾ ಇದಕ್ಕೆ ಹೊಣೆ ಅಂತ ನ್ಯಾಯಾಲಯ ಹೇಳಿತು. ಯೋಜನೆ ಹಾಕಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಸುವ ದಾಳಿಯನ್ನ ಗೊಂದಲ ಅಂತ ಕರೆದು ಕೈತೊಳೆದುಕೊಳ್ಳೋಕಾಗಲ್ಲ ಅಂತ ತನ್ನ ದಾರಿಯನ್ನ ಬದಲಿಸಿತು. ಬೆಲ್‌ಗ್ರೇಡ್‌ನ ಕುಟುಂಬಗಳಿಗೆ 2001ರಲ್ಲಿ ಮುಚ್ಚಿದ್ದ ಬಾಗಿಲು 24 ವರ್ಷಕ್ಕೆ ಬೇರೆಯವರಿಗಾಗಿ ತೆರೀತು. ಆದರೆ 2022ರ ಸೆಪ್ಟೆಂಬರ್‌ನಲ್ಲೇ ರಷ್ಯಾ ಆ ಒಪ್ಪಂದದಿಂದ ಹೊರಗೆ ಹೋಗಿದೆ. ತೀರ್ಪು ಇದೆ, ಪಾಲಿಸುವ ಮನಸ್ಸಿಲ್ಲ. ಕಾನೂನಿನ ಕೈ ಉದ್ದ ಆಯ್ತು, ಹಿಡಿತ ಇನ್ನೂ ಬಂದಿಲ್ಲ.

ಇಲ್ಲಿವರೆಗೆ ಬ್ರಿಟನ್, ಅಮೆರಿಕ, ರಷ್ಯಾ ಅಂತ ಕೇಳ್ತಾ ನಮಗೆ ಆರಾಮಾಗಿತ್ತು. ಈಗ ನಮ್ಮ ಕಡೆಗೆ ತಿರುಗೋಣ.

ನಮ್ಮ ಸೇನೆಯೂ ಹೊರದೇಶಕ್ಕೆ ಹೋಗಿದೆ. 1987ರ ಜುಲೈ ಒಪ್ಪಂದದ ನಂತರ ಶಾಂತಿಪಾಲನಾ ಪಡೆ ಅಂತ ಶ್ರೀಲಂಕಾಗೆ ಹೋಯ್ತು, 1990ರ ಮಾರ್ಚ್‌ನಲ್ಲಿ ವಾಪಸ್ ಬಂತು. ಸುಮಾರು 1,200 ಯೋಧರನ್ನ ನಾವು ಅಲ್ಲಿ ಕಳಕೊಂಡೆವು. ಎಲ್‌ಟಿಟಿಇ ಅನ್ನೋ ಕ್ರೂರ ಸಂಘಟನೆಯ ಎದುರು, ಗೊತ್ತಿಲ್ಲದ ನೆಲದಲ್ಲಿ ಅವರು ಹೋರಾಡಿದರು. ಅವರ ತ್ಯಾಗಕ್ಕೆ ತಲೆಬಾಗ್ತೀನಿ. ಅದೇ ಕಾರ್ಯಾಚರಣೆಯಲ್ಲಿ 1987ರ ಅಕ್ಟೋಬರ್ 21 ಕೂಡ ಇದೆ. ದೀಪಾವಳಿಯ ದಿನ. ಜಾಫ್ನಾ ಆಸ್ಪತ್ರೆಯಲ್ಲಿ ವೈದ್ಯರು, ನರ್ಸ್‌ಗಳು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಆಸ್ಪತ್ರೆಯ ಒಳಗಿಂದ ಉಗ್ರರು ಗುಂಡು ಹಾರಿಸಿದರು, ಚಕಮಕಿಯಲ್ಲಿ ಸಾವಾಯ್ತು ಅಂತ ಸೇನೆ ಹೇಳಿತು. ಬದುಕುಳಿದವರು ಹೇಳೋದು ಬೇರೆ. ಯಾವುದು ನಿಜ? ಬಹಾ ಮೂಸಾಗೆ ಸಿಕ್ಕಂಥ ಸಾರ್ವಜನಿಕ ವಿಚಾರಣೆ ಆ ನರ್ಸ್‌ಗಳ ಮನೆಯವರಿಗೆ ಸಿಗಲಿಲ್ಲ. ಆ ಆಪಾದನೆ ಹೊತ್ತ ಸೈನಿಕರಿಗೂ ತಮ್ಮ ಮಾತು ಹೇಳೋಕೆ ಅಂಥ ವೇದಿಕೆ ಸಿಗಲಿಲ್ಲ.

ಆ ಕುಟುಂಬಗಳು ಎಲ್ಲಿಗೆ ಹೋಗಬೇಕು? ಯುರೋಪಿಗೆ ಸ್ಟ್ರಾಸ್‌ಬರ್ಗ್ ಇದೆ. ಏಷ್ಯಾಕ್ಕೆ ಅಂಥ ನ್ಯಾಯಾಲಯ ಇಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಾವು 1979ರಲ್ಲೇ ಸೇರಿದ್ದೀವಿ. ಆದರೆ ಒಬ್ಬ ವ್ಯಕ್ತಿ ನೇರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ದಾರಿಮಾಡುವ ಹೆಚ್ಚುವರಿ ಒಪ್ಪಂದಕ್ಕೆ ಸೇರಿಲ್ಲ. ಉರುಗ್ವೆಯ ಆ ಹೆಂಡತಿಗೆ ಇದ್ದ ದಾರಿ ನಮ್ಮ ಸರ್ಕಾರದ ವಿರುದ್ಧ ಯಾರಿಗೂ ಇಲ್ಲ. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ? 1993ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸಶಸ್ತ್ರ ಪಡೆಗಳ ಮೇಲೆ ದೂರು ಬಂದರೆ ಅದು ಕೇಂದ್ರದಿಂದ ವರದಿ ಕೇಳಬಹುದು, ಶಿಫಾರಸು ಮಾಡಬಹುದು. ಅಷ್ಟೇ.

ಹಾಗಂತ ನಮ್ಮ ಸಂವಿಧಾನ ಸಣ್ಣ ಮನಸ್ಸಿನದ್ದಲ್ಲ. 14ನೇ ವಿಧಿ ಓದಿ, ‘ಭಾರತದ ರಾಜ್ಯಕ್ಷೇತ್ರದೊಳಗೆ’ ಅನ್ನೋ ಮಾತಿದೆ. 19ನೇ ವಿಧಿಯಲ್ಲಿ ‘ನಾಗರಿಕರು’ ಅನ್ನೋ ಪದ ಇದೆ. ಈಗ ಜೀವದ ಹಕ್ಕಿನ 21ನೇ ವಿಧಿ ಓದಿ. ಅಲ್ಲಿ ನಾಗರಿಕ ಅಂತ ಇಲ್ಲ, ‘ವ್ಯಕ್ತಿ’ ಅಂತಿದೆ. ರಾಜ್ಯಕ್ಷೇತ್ರದ ಮಾತೂ ಇಲ್ಲ. ಬರೆದವರು ಬೇಕಂತಲೇ ಬಿಟ್ಟರೋ ಏನೋ, ಪದಗಳಂತೂ ಹಾಗೇ ಇವೆ. ನಮ್ಮ ಸಂಸತ್ತು, ನಮ್ಮ ನ್ಯಾಯಾಲಯ ಮನಸ್ಸು ಮಾಡಿದರೆ ಆ ಬಾಗಿಲನ್ನ ಇನ್ನೂ ಅಗಲ ಮಾಡಬಹುದು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ವಿದೇಶದ ನೆಲದಲ್ಲಿ ನಮ್ಮವರ ಕೈಯಲ್ಲಿ ಸಾಮಾನ್ಯ ಜನ ಸತ್ತರೆ, ಸೇನೆಯ ಅದೇ ಘಟಕಕ್ಕೆ ಸೇರದವರಿಂದ ತನಿಖೆ ಆಗಲಿ. ವರದಿ ಸಂಸತ್ತಿನ ಮುಂದೆ ಬರಲಿ. ಸತ್ತವರ ಮನೆಯವರಿಗೆ ಒಂದು ಪ್ರತಿ ಸಿಗಲಿ. ಇದರಿಂದ ಸೇನೆ ದುರ್ಬಲ ಆಗಲ್ಲ. ಹೆದರಬೇಕಾದವರು ತಪ್ಪು ಮಾಡಿದವರು ಮಾತ್ರ.

ಗಲ್ಫ್‌ನಲ್ಲಿ ದುಡಿಯುವ ಕರಾವಳಿಯ ಅಣ್ಣತಮ್ಮಂದಿರು ಇದ್ದಾರೆ. ಓದೋಕೆ ಹೋದ ಮಕ್ಕಳು ಉಕ್ರೇನ್‌ನಲ್ಲಿದ್ದರು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯ ಹುಡುಗ. ಆ ಸುದ್ದಿ ಬಂದ ದಿನ ಇಡೀ ರಾಜ್ಯ ಕಣ್ಣೀರು ಹಾಕಿತು. ಅವನು ಉಕ್ರೇನಿನವನೂ ಅಲ್ಲ, ರಷ್ಯಾದವನೂ ಅಲ್ಲ. ಆ ಶೆಲ್‌ಗೆ ಯಾರೋ ಉತ್ತರ ಹೇಳಬೇಕು ಅಂತ ನಾವೆಲ್ಲ ಬಯಸಿದೆವು. ನಮ್ಮ ಹುಡುಗನಿಗೆ ಬಯಸಿದ ಉತ್ತರವನ್ನ ಬಸ್ರಾದ ಅಪ್ಪನಿಗೆ, ಜಾಫ್ನಾದ ನರ್ಸ್ ಮನೆಯವರಿಗೆ ಬೇಡ ಅನ್ನೋಕೆ ನಮಗೆ ಯಾವ ಮುಖ ಇದೆ?

ಗಡಿಯನ್ನ ದೇಶ ಕಾಯಲಿ, ಕಾಯಲೇಬೇಕು. ಆದರೆ ದೇಶದ ಹೆಸರಲ್ಲಿ ಬಂದೂಕು ಗಡಿ ದಾಟಿದ ದಿನ ಅದರ ಜೊತೆ ಲೆಕ್ಕದ ಪುಸ್ತಕವೂ ದಾಟಬೇಕು.